ಪವರ್ ಹಾಕ್ಲೇನ್ರಿ ಮೇಡಂ?

ಪಿ.ಬಿ. ರಸ್ತೆಯ ಬಂಕ್‌ನ ಹುಡುಗ ಪ್ರತಿ ಸಲ ಕೇಳುವ ಮಾತು ಇದು. ಪವರ್ ಅಂದರೆ ಸಾದಾ ಪೆಟ್ರೋಲಿಗಿಂತ ದುಬಾರಿಯಾದ, ಎಲ್ಲರೂ '95' ಅನ್ನುವ 95 ಆಕ್ಟೇನ್ ಪೆಟ್ರೋಲ್. ಪಕ್ಕದ ಸಾಲಿನ ಕಾರುಗಳಿಗೆ ಅವನು ಹೀಗೆ ಕೇಳುವುದಿಲ್ಲ. ನನ್ನ ಕಾರಿನ ಬಂಪರ್‌ನ ಕೆಂಪು ಗೆರೆ, ಹಿಂದಿನ ಎರಡು ಬಾಯಿಯ ಸೈಲೆನ್ಸರ್ ನೋಡಿ ಕೇಳುತ್ತಾನೆ. ಮೊದಲ ಕೆಲವು ತಿಂಗಳು ನಾನೂ "ಹ್ಞೂಂ, ಹಾಕಪ್ಪ" ಎಂದೇ ಹೇಳುತ್ತಿದ್ದೆ. ಇಂಥ ಕಾರಿಗೆ ಒಳ್ಳೆಯ ಪೆಟ್ರೋಲೇ ಬೇಕು ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ.

ಕಾರು ಹ್ಯುಂಡೈ ಐ20 ಎನ್ ಲೈನ್. 2021ರ ಕೊನೆಯಲ್ಲಿ ತೆಗೆದುಕೊಂಡದ್ದು. 998 ಸಿಸಿಯ ಮೂರು ಸಿಲಿಂಡರ್ ಟರ್ಬೊ ಇಂಜಿನ್, 120 ಪಿಎಸ್, ಕ್ಲಚ್ ಪೆಡಲ್ ಇಲ್ಲದ ಆರು ಗೇರಿನ ಐಎಂಟಿ. ಟ್ಯಾಂಕ್ 37 ಲೀಟರ್. ಮನೆ ದಾವಣಗೆರೆಯ ವಿದ್ಯಾನಗರದಲ್ಲಿ, ಕೆಲಸ ಚಿತ್ರದುರ್ಗದ ಬ್ಯಾಂಕ್‌ನಲ್ಲಿ. ವಾರಕ್ಕೆ ಮೂರು ದಿನ ಕಾರಲ್ಲಿ, ಉಳಿದ ದಿನ ಬಸ್ಸಲ್ಲಿ. ಹೋಗಿ ಬಂದರೆ 120 ಕಿ.ಮೀ. ತಿಂಗಳಿಗೆ ಸುಮಾರು 1,440 ಕಿ.ಮೀ. ಇಷ್ಟು ಓಡಿಸುವವರಿಗೆ ಲೀಟರಿಗೆ ಒಂದು ಕಿ.ಮೀ. ಹೆಚ್ಚು ಕಡಿಮೆ ಆದರೂ ಸಂಬಳದಲ್ಲಿ ಗೊತ್ತಾಗುತ್ತದೆ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟೆ.

ಲೆಕ್ಕ ಹಾಕುವ ಕ್ರಮದಲ್ಲೇ ನಾನು ಮೊದಲು ತಪ್ಪಿದೆ. ಮೀಟರ್ ಪರದೆ ತೋರಿಸುವ ಮೈಲೇಜನ್ನೇ ಬರೆದುಕೊಳ್ಳುತ್ತಿದ್ದೆ. ನನ್ನ ಕಾರಿನಲ್ಲಿ ಅದು ನಿಜಕ್ಕಿಂತ ಒಂದು ಕಿ.ಮೀ. ಜಾಸ್ತಿಯೇ ತೋರಿಸುತ್ತದೆ. ಆಮೇಲೆ ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಅಳೆಯಲು ಶುರು ಮಾಡಿದೆ. ಅದೇ ಬಂಕ್, ಅದೇ ಪಂಪ್, ಬೆಳಗಿನ ಹೊತ್ತು. ಪೈಪ್ ತಾನಾಗಿ ಒಮ್ಮೆ ಕಟ್ ಆದರೆ ಅಲ್ಲಿಗೆ ನಿಲ್ಲಿಸಬೇಕು. ರೌಂಡ್ ಫಿಗರ್ ಮಾಡಲು ಹೋದರೆ ಅರ್ಧ ಲೀಟರ್ ಆಚೆ ಈಚೆ ಆಗಿ ಲೆಕ್ಕವೇ ಕೆಡುತ್ತದೆ. ಓಡಿದ ಕಿಲೋಮೀಟರನ್ನು ಹಿಡಿದ ಲೀಟರ್‌ನಿಂದ ಭಾಗಿಸಿದರೆ ಆಯಿತು. ಒಂದು ಟ್ಯಾಂಕ್ ನೋಡಿ ತೀರ್ಮಾನ ಮಾಡಬಾರದು. ನಾನು ಪ್ರತಿ ಪೆಟ್ರೋಲಿಗೂ ಮೂರು ಟ್ಯಾಂಕ್ ಓಡಿಸಿ ಸರಾಸರಿ ತೆಗೆದೆ.

ನಮ್ಮ ದಾರಿಯದ್ದೇ ಇನ್ನೊಂದು ವಿಷಯವಿದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ ಸುಮಾರು 730 ಮೀಟರ್. ಕಣ್ಣಿಗೆ ರಸ್ತೆ ಸಪಾಟಾಗಿ ಕಾಣುತ್ತದೆ, ಆದರೆ ಆನಗೋಡು, ಭರಮಸಾಗರ ದಾಟಿ ಹೋಗುವಾಗ ಕಾರು ಏರುತ್ತಲೇ ಇರುತ್ತದೆ. ಚಳಿಗಾಲದಲ್ಲಿ ಬರುವಾಗಿನ ಮೈಲೇಜ್ ಹೋಗುವಾಗಿನದ್ದಕ್ಕಿಂತ ಚೆನ್ನಾಗಿರುತ್ತಿತ್ತು. ಜುಲೈ ಬಂದಾಗ ಅದು ತಲೆಕೆಳಗಾಯಿತು. ಏನೋ ಕೆಟ್ಟಿದೆ ಅಂದುಕೊಂಡು ಗ್ಯಾರೇಜಿಗೂ ಹೋಗಿ ಬಂದೆ. ಕೆಟ್ಟಿರಲಿಲ್ಲ. ಗುಡ್ಡಗಳ ಮೇಲೆ ಗಾಳಿಯಂತ್ರಗಳು ಭರ್ರೆಂದು ತಿರುಗುವ ಕಾಲ ಅದು. ಮುಂಗಾರಿನ ಪಡುವಣ ಗಾಳಿ ಹೋಗುವಾಗ ಬೆನ್ನಿಗೆ ಬೀಳುತ್ತದೆ, ಸಂಜೆ ಮನೆಗೆ ಬರುವಾಗ ಎದುರಿಗೆ ಬಡಿಯುತ್ತದೆ. ಇಳಿಜಾರಿನಲ್ಲಿ ಉಳಿಸಿದ್ದನ್ನೆಲ್ಲ ಆ ಗಾಳಿ ತಿನ್ನುತ್ತದೆ. ಹಾಗಾಗಿ ಒಂದೇ ಕಡೆಯ ಪ್ರಯಾಣದ ಲೆಕ್ಕ ನಂಬಬೇಡಿ, ಹೋಗಿ ಬಂದದ್ದನ್ನು ಸೇರಿಸಿಯೇ ಅಳೆಯಿರಿ.

ಇನ್ನು ಪೆಟ್ರೋಲಿನ ವಿಷಯ. 95 ಅಂದರೆ ಜಾಸ್ತಿ ಶಕ್ತಿ ಇರುವ ಪೆಟ್ರೋಲ್ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಬಿಸಿ ಮತ್ತು ಒತ್ತಡ ಹೆಚ್ಚಾದಾಗ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆಯುತ್ತದೆ ಅನ್ನುವುದೇ ಆಕ್ಟೇನ್. ಪ್ಲಗ್ ಕಿಡಿ ಹಾರಿಸಿದ ಮೇಲೆ ಪೆಟ್ರೋಲ್ ಒಂದು ಕಡೆಯಿಂದ ಉರಿಯುತ್ತಾ ಹೋಗಬೇಕು. ಆ ಉರಿ ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದದ್ದು ತಾನೇ ಸಿಡಿದರೆ ಅದಕ್ಕೆ ನಾಕಿಂಗ್ ಅನ್ನುತ್ತಾರೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ನಮ್ಮಂಥ ಕಾರುಗಳಲ್ಲಿ ಈ ಅಪಾಯ ಜಾಸ್ತಿ. ಅದಕ್ಕೇ ಇಂಜಿನ್‌ಗೆ ನಾಕ್ ಸೆನ್ಸರ್ ಇರುತ್ತದೆ. ಸಿಡಿತದ ಸುಳಿವು ಸಿಕ್ಕರೆ ಸಾಕು, ಕಂಪ್ಯೂಟರ್ ಕಿಡಿಯನ್ನು ಸ್ವಲ್ಪ ತಡ ಮಾಡುತ್ತದೆ. ಇಂಜಿನ್ ಉಳಿಯುತ್ತದೆ. ಪಿಕಪ್ ಮತ್ತು ಮೈಲೇಜ್ ಒಂಚೂರು ಇಳಿಯುತ್ತವೆ. 95 ಹಾಕಿದರೆ ಹೀಗೆ ಕಳೆದುಕೊಂಡದ್ದು ವಾಪಸ್ ಸಿಗುತ್ತದೆ, ಅಷ್ಟೇ. ಕಳೆದುಕೊಳ್ಳದೇ ಇದ್ದಾಗ ಸಿಗಲು ಏನೂ ಇರುವುದಿಲ್ಲ. ಒಬ್ಬಳೇ ಕೂತು, ಬೆಳಗಿನ ತಂಪಲ್ಲಿ, ಒಂದೇ ವೇಗದಲ್ಲಿ ಹೈವೇ ಮೇಲೆ ಹೋಗುವಾಗ ಟರ್ಬೊ ಮೇಲೆ ಭಾರವೇ ಬೀಳುವುದಿಲ್ಲ ಅಲ್ವಾ?

ಮೊದಲ ಪರೀಕ್ಷೆ ಮಾಡಿದ್ದು 2022ರ ನವೆಂಬರ್‌ನಿಂದ 2023ರ ಫೆಬ್ರವರಿವರೆಗೆ. ಆಗ ಸಾದಾ ಪೆಟ್ರೋಲ್ ಅಂದರೆ 91 ಆಕ್ಟೇನ್, ಅದರಲ್ಲಿ ಶೇ. 10ರಷ್ಟು ಎಥೆನಾಲ್. ನಾನು ಹಾಕಿಸಿದ ದರ ಲೀಟರಿಗೆ ಸುಮಾರು ₹104. 95ರ ದರ ₹111. ಸಾದಾ ಪೆಟ್ರೋಲಿಗೆ ಲೀಟರಿಗೆ ಸರಾಸರಿ 17.1 ಕಿ.ಮೀ. ಬಂತು, 95ಕ್ಕೆ 17.6. ಮೈಲೇಜ್ ಹೆಚ್ಚಾದದ್ದು ನಿಜ. ಆದರೆ ಒಂದು ಕಿಲೋಮೀಟರಿಗೆ ಸಾದಾದಲ್ಲಿ ₹6.08 ಖರ್ಚಾದರೆ 95ರಲ್ಲಿ ₹6.31. ದರ ಶೇ. 7ರಷ್ಟು ಏರಿತ್ತು, ಮೈಲೇಜ್ ಶೇ. 3ರಷ್ಟು ಮಾತ್ರ.

ಹಾಗಂತ 95 ಸುಮ್ನೆ ದಂಡ ಎಂದು ನಾನು ಹೇಳುವುದಿಲ್ಲ. 2022ರ ಮೇ ತಿಂಗಳಲ್ಲಿ ಐದು ಜನ, ತುಂಬಿದ ಡಿಕ್ಕಿ, ಎಸಿ ಹಾಕಿಕೊಂಡು ಉಡುಪಿಯಿಂದ ಆಗುಂಬೆ ಘಾಟಿ ಹತ್ತಿ ಬಂದೆವು. ಟ್ಯಾಂಕ್‌ನಲ್ಲಿ ಸಾದಾ ಪೆಟ್ರೋಲ್ ಇತ್ತು. 14 ತಿರುವುಗಳಲ್ಲಿ ಕಾರು ಪ್ರತಿ ಸಲ ಎರಡನೇ ಗೇರ್‌ನಲ್ಲಿ ಒಂದು ಕ್ಷಣ ಮಂಕಾಗಿ ಆಮೇಲೆ ಎಳೆಯುತ್ತಿತ್ತು. ಮುಂದಿನ ಮೇ ತಿಂಗಳು ಅದೇ ಐದು ಜನ, ಅದೇ ಘಾಟಿ, 95 ಹಾಕಿಸಿದ್ದೆ. ಆ ಮಂಕು ಇರಲಿಲ್ಲ. ಹಿಂದೆ ಕೂತಿದ್ದ ಅಪ್ಪಾಜಿ, "ಈ ಸಲ ಗಾಡಿ ಹಗುರ ಆಗೈತಲ್ಲ" ಎಂದರು. ಅವರಿಗೆ ನಾನು ಪೆಟ್ರೋಲ್ ಬದಲಿಸಿದ್ದು ಗೊತ್ತಿರಲಿಲ್ಲ. ಆ ಖುಷಿಗೆ ನಾನು ಕೊಟ್ಟ ಹಣ ನನಗೆ ಭಾರ ಅನ್ನಿಸಲೇ ಇಲ್ಲ.

ಆಮೇಲೆ ಪೆಟ್ರೋಲೇ ಬದಲಾಯಿತು. 2023ರ ಫೆಬ್ರವರಿಯಲ್ಲಿ ಇ20 ಬಿಡುಗಡೆಯಾಯಿತು, 2025ರ ಹೊತ್ತಿಗೆ ಎಲ್ಲ ಕಡೆ ಅದೇ ಆಯಿತು. ಶೇ. 20ರಷ್ಟು ಎಥೆನಾಲ್. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಆದರೆ ಅದರ ಆಕ್ಟೇನ್ 108ರ ಮೇಲಿದೆ. ಹೀಗಾಗಿ ಎರಡು ಕೆಲಸ ಒಟ್ಟಿಗೆ ಆದವು. ಮೈಲೇಜ್ ಇಳಿಯಿತು, ಆಕ್ಟೇನ್ ಏರಿತು. ಇ20 ಬಂದ ಮೇಲೆ ಸಾದಾ ಪೆಟ್ರೋಲ್ 91ರಿಂದ 95 ಆಕ್ಟೇನ್‌ಗೆ ಏರಿದೆ ಎಂದು 2025ರ ಆಗಸ್ಟ್‌ನಲ್ಲಿ ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ ಹೇಳಿತು. ಅದನ್ನು ಓದಿದಾಗ ನನಗೆ ಮೊದಲು ಬಂದ ಯೋಚನೆ: ಹಾಗಾದರೆ ಪಕ್ಕದ ಪೈಪಿನ 95ಕ್ಕೆ ಇನ್ನೂ ₹8 ಯಾಕೆ ಜಾಸ್ತಿ ಕೊಡಬೇಕು? ಅದರಲ್ಲಿ ಎಥೆನಾಲ್ ಇಲ್ಲವೇನೋ ಎಂದು ಬಂಕ್‌ನಲ್ಲಿ ಕೇಳಿದೆ. "ಅದ್ರಾಗೂ ಐತ್ರಿ ಮೇಡಂ" ಅಂದರು.

ಮತ್ತೆ ಮೂರು ಮೂರು ಟ್ಯಾಂಕ್ ಓಡಿಸಿದೆ. ಸಾದಾಕ್ಕೆ 16.4, 95ಕ್ಕೆ 16.5. ಈ ವ್ಯತ್ಯಾಸ ನನ್ನ ಅಳತೆಯ ತಪ್ಪಿನೊಳಗೇ ಮುಳುಗಿ ಹೋಗುತ್ತದೆ. ಖರ್ಚು ಮಾತ್ರ ಕಿಲೋಮೀಟರಿಗೆ 45 ಪೈಸೆ ಜಾಸ್ತಿ, ತಿಂಗಳಿಗೆ ಸುಮಾರು ₹650. ಅಲ್ಲಿಗೆ ದಿನದ ಓಡಾಟಕ್ಕೆ 95 ನಿಲ್ಲಿಸಿದೆ. 100 ಆಕ್ಟೇನ್ ಪೆಟ್ರೋಲ್ ಹಾಕಿ ನೋಡು ಅಂದವರೂ ಇದ್ದಾರೆ. ಅಷ್ಟು ದುಬಾರಿ ಪೆಟ್ರೋಲ್ ನನ್ನ ಇಂಜಿನ್‌ಗೆ ಬೇಕಾಗಿಲ್ಲ.

17.1 ಇದ್ದದ್ದು 16.4 ಆಯಿತಲ್ಲ, ಅದು ನನಗೆ ಬೇಜಾರಿನ ವಿಷಯವೇ. ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20ಯಿಂದ ಶೇ. 6–7ರಷ್ಟು ಮೈಲೇಜ್ ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯಲ್ಲೇ ಇತ್ತು. ನನಗೆ ಶೇ. 4ರಷ್ಟು ಇಳಿಯಿತು. ಅದನ್ನು ಬೇರೆ ಕಡೆ ಹೇಗೆ ಗಳಿಸುವುದು ಎಂದು ಹುಡುಕಲು ಹೊರಟೆ.

ಮೊದಲು ಟೈರ್. ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಹೇಳಿದ್ದಕ್ಕಿಂತ ಎರಡು ಟೈರ್‌ನಲ್ಲಿ 5 ಪಿಎಸ್‌ಐ ಕಡಿಮೆ ಇತ್ತು. ನಾನು ಯಾವಾಗಲೂ ಆಫೀಸಿನಿಂದ ಬರುವಾಗ, ಟೈರ್ ಬಿಸಿಯಾಗಿದ್ದಾಗ ಗಾಳಿ ನೋಡಿಸುತ್ತಿದ್ದೆ. ಬಿಸಿ ಟೈರ್ 3–4 ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಈಗ ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ, ಹೊರಡುವ ಮುಂಚೆ, ಮನೆಯಲ್ಲೇ ಸಣ್ಣ ಪಂಪ್ ಇಟ್ಟುಕೊಂಡು ತುಂಬುತ್ತೇನೆ.

ಗೇರ್ ವಿಷಯದಲ್ಲಿ ನನ್ನ ತಮ್ಮನ ಮಾತು ಕೇಳಿ ಸ್ವಲ್ಪ ದಿನ ತಪ್ಪು ಮಾಡಿದೆ. "ಅಕ್ಕ, ಟಾಪ್ ಗೇರ್‌ನಾಗೇ ಬಿಡು, ಮೈಲೇಜ್ ತಾನೇ ಬರ್ತದೆ" ಅಂದ. ಭರಮಸಾಗರದ ಹತ್ತಿರ ಲಾರಿ ಹಿಂದೆ ನಿಧಾನ ಮಾಡಿ, ಆರನೇ ಗೇರ್‌ನಲ್ಲೇ ಒತ್ತಿದರೆ ಇಂಜಿನ್ ಗಡಗಡ ಅನ್ನುತ್ತಿತ್ತು. ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಟರ್ಬೊಗೆ ಇದು ಒಳ್ಳೆಯದಲ್ಲ. ಕಡಿಮೆ ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಧಾನ ತಿರುಗುವಾಗ, ಪೂರ್ತಿ ಭಾರ ಹಾಕಿದರೆ ಕಿಡಿಗೂ ಮೊದಲೇ ಉರಿ ಹೊತ್ತುವ ಅಪಾಯವಿದೆ, ಅದು ಪಿಸ್ಟನ್ನನ್ನೇ ಒಡೆಯಬಲ್ಲದು. ಈಗ ನಾಲ್ಕಕ್ಕೆ ಇಳಿಸಿ, ಓವರ್‌ಟೇಕ್ ಮುಗಿಸಿ, ಮತ್ತೆ ಆರಕ್ಕೆ ಹೋಗುತ್ತೇನೆ. ಮೈಲೇಜ್ ಇದರಿಂದ ಇಳಿದಿಲ್ಲ.

ಎಲ್ಲಕ್ಕಿಂತ ದೊಡ್ಡದು ವೇಗ. ಮೊದಲು ಹೈವೇ ಸಿಕ್ಕ ತಕ್ಷಣ 100ಕ್ಕೆ ಹೋಗಿ ಅಲ್ಲೇ ಇರುತ್ತಿದ್ದೆ. ಒಂದು ತಿಂಗಳು 85ರಲ್ಲಿ ಓಡಿಸಿದೆ. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 85ಕ್ಕಿಂತ 100ರಲ್ಲಿ ಅದು ಶೇ. 38ರಷ್ಟು ಜಾಸ್ತಿ. ಮೈಲೇಜ್ 18.4 ಬಂತು. ಸಾದಾ ಪೆಟ್ರೋಲಿನಲ್ಲೇ, ಅದೂ ಇ20ಯಲ್ಲೇ. ತಿಂಗಳಿಗೆ ಹತ್ತಿರ ಹತ್ತಿರ ಸಾವಿರ ರೂಪಾಯಿ ಉಳಿತಾಯ. 60 ಕಿ.ಮೀ.ಗೆ ತಡವಾಗುವುದು ಆರು ನಿಮಿಷ. ಯಾವ ಆಕ್ಟೇನೂ ನನಗೆ ಇಷ್ಟು ಕೊಟ್ಟಿಲ್ಲ.

ಬಂಕ್ ಬಗ್ಗೆಯೂ ಹೇಳಬೇಕು. ಒಮ್ಮೆ ಹೈವೇ ಪಕ್ಕದ ಒಂದು ಬಂಕ್‌ನಲ್ಲಿ, ಮೀಟರ್‌ನಲ್ಲಿ ಇನ್ನೂ ಎರಡು ಗೆರೆ ಇದ್ದಾಗಲೇ 37 ಲೀಟರ್ ಹಿಡಿಯಿತು. 5 ಲೀಟರ್ ಅಳತೆ ಪಾತ್ರೆಯಲ್ಲಿ ತೋರಿಸಿ ಎಂದೆ. ಇವತ್ತು ಇಲ್ಲ ಎಂದರು. ಅದನ್ನು ಕೇಳುವುದು ನಮ್ಮ ಹಕ್ಕು, 5 ಲೀಟರಿಗೆ 25 ಮಿಲಿಗಿಂತ ಹೆಚ್ಚು ಕಡಿಮೆ ಬೀಳುವಂತಿಲ್ಲ. ಜಗಳ ಆಡದೆ ಬಂದೆ, ಆ ಟ್ಯಾಂಕಿನ ಲೆಕ್ಕವನ್ನು ನೋಟ್‌ಬುಕ್‌ನಲ್ಲಿ ಹೊಡೆದು ಹಾಕಿದೆ, ಮತ್ತೆ ಅಲ್ಲಿಗೆ ಹೋಗಿಲ್ಲ.

ದಿನಾ 85ರಲ್ಲಿ ಹೋಗುವುದಾದರೆ ಇಂಥ ಕಾರು ಯಾಕೆ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಹೆಬ್ಬಾಳು ಟೋಲ್ ದಾಟಿ, ಮುಂದೆ ರಸ್ತೆ ಖಾಲಿ ಕಂಡಾಗ, ಮೂರನೇ ಗೇರ್‌ನಲ್ಲಿ 2,000 ಆರ್‌ಪಿಎಂ ದಾಟಿದ ಕೂಡಲೇ ಟರ್ಬೊ ಬೆನ್ನಿಗೆ ಕೈ ಕೊಟ್ಟು ನೂಕುತ್ತದಲ್ಲ, ಅದಕ್ಕೆ. ದಿನಕ್ಕೆ ಒಂದು ಸಲ ಅದು ನನಗೆ ಬೇಕು. ಅದಕ್ಕೆ ಎಷ್ಟು ಪೆಟ್ರೋಲ್ ಹೋಗುತ್ತದೆ ಎಂದು ಮಾತ್ರ ನಾನು ಅಳೆದಿಲ್ಲ.

ಮುಂದಿನ ಮೇ ತಿಂಗಳು ಮತ್ತೆ ಉಡುಪಿಗೆ ಹೋಗುವುದಿದೆ. ಈ ಸಲ ಸಾದಾ ಇ20 ಹಾಕಿಸಿಯೇ ಆಗುಂಬೆ ಹತ್ತುತ್ತೇನೆ. ಆ ಮಂಕು ಮತ್ತೆ ಬರುತ್ತದೋ ಇಲ್ಲವೋ, ಅಪ್ಪಾಜಿಯನ್ನು ಹಿಂದಿನ ಸೀಟಿನಲ್ಲೇ ಕೂರಿಸಿ, ಏನೂ ಹೇಳದೆ ಕೇಳುತ್ತೇನೆ.