ಕ್ಯಾನ್ಸರ್ ಮುಂದುವರೆದದ ಅಂದಾಗ್ಲೇ ಪ್ಯಾಲಿಯೇಟಿವ್ ಕೇರ್ ಕೇಳ್ರಿ, ಹೆಂಗಂದ್ರ ಹಿಂಗ

ಪ್ಯಾಲಿಯೇಟಿವ್ ಅಂದಕೂಡ್ಲೇ ನಮ್ ಕಲಬುರಗಿ ಕಡಿ ಮಂದಿ "ಡಾಕ್ಟರ್ ಕೈ ಬಿಟ್ರೇನು" ಅಂತ ಅಳ್ತಾರ, ಹಂಗಲ್ರಿ, ಕೀಮೋ, ಕರೆಂಟ್ (ರೇಡಿಯೇಶನ್) ನಡೆದಾಗೇ ಅದರ ಜೋಡಿ ಬ್ಯಾನಿ, ವಾಂತಿ, ನಿದ್ದಿ, ಮನಸಿನ ಚಿಂತಿ ಎಲ್ಲಾ ನೋಡೋ ಚಿಕಿತ್ಸೆ ಅದು. ಬೋಸ್ಟನ್‌ನ್ಯಾಗ ಮುಂದುವರೆದ ಶ್ವಾಸಕೋಶ ಕ್ಯಾನ್ಸರ್ ಇದ್ದ 151 ಮಂದಿ ಮ್ಯಾಲ ಮಾಡಿದ ಅಧ್ಯಯನ 2010ರಾಗ ಬಂತು, ಮೊದ್ಲಿಂದ ಇದು ಸಿಕ್ಕವರು ಆರಾಮಿದ್ರು, ಅವರಾಗ ಅರ್ಧ ಮಂದಿ 11.6 ತಿಂಗಳು ದಾಟಿ ಬದುಕಿದ್ರು, ಬರೀ ಮಾಮೂಲಿ ಚಿಕಿತ್ಸೆದವರಾಗ 8.9 ತಿಂಗಳು.

ಕಲಬುರಗಿ ಕಿದ್ವಾಯಿ ಕ್ಯಾನ್ಸರ್ ಕೇಂದ್ರ ಇರ್ಲಿ, ಬ್ಯಾರೆ ದವಾಖಾನಿ ಇರ್ಲಿ, ಓಪಿಡಿದಾಗ ಬಾಯಿ ಬಿಟ್ಟು ಕೇಳ್ರಿ, "ಬ್ಯಾನಿ ನೋಡೋ ಪ್ಯಾಲಿಯೇಟಿವ್ ಡಾಕ್ಟರ್ ಯಾರದಾರ?" ಬೀದರ, ಯಾದಗಿರಿಯಿಂದ ಬರೋರು ಮುಂದಿನ ಸಲ ಬರೋತನಕ ಸಾಲೋ ಗುಳಗಿ, ಫೋನ್ ನಂಬರ್ ಇಸ್ಕೊಂಡೇ ಬಸ್ ಹತ್ರಿ.

ಹೋಗೋಕಿಂತ ಮೊದ್ಲ ಒಂದು ನೋಟಬುಕ್ ಇಡ್ರಿ. ಬ್ಯಾನಿ 0ರಿಂದ 10ರಾಗ ಎಷ್ಟು (0 ಅಂದ್ರ ಇಲ್ಲೇ ಇಲ್ಲ, 10 ಅಂದ್ರ ತಡೆಯಲಾರದಷ್ಟು), ರಾತ್ರಿ ಎಷ್ಟೊತ್ತಿಗೆ ಎಚ್ಚರಾತು, ಸಂಡಾಸ್ ಯಾವಾಗ ಆತು, ಬರೀರಿ. ನಮ್ಮನಿಗಳಾಗ ಡಾಕ್ಟರ್ ಮುಂದ ಮಗಾನೇ ಮಾತಾಡ್ತಾನ, ಅವ್ವ ಸೆರಗು ಬಾಯಿಗಿಟ್ಕೊಂಡು "ಏನಿಲ್ರಿ, ಆರಾಮದೀನಿ" ಅಂತಾಳ, ಮನಿಗಿ ಬಂದು ರಾತ್ರಿಯೆಲ್ಲಾ ನರಳ್ತಾಳ. ಅವ್ವಗೇ ಮಾತಾಡಾಕ್ ಬಿಡ್ರಿ, ನನ್ ಪ್ರಕಾರ ಇಡೀ ಚಿಕಿತ್ಸೆದಾಗ ಇದಕಿಂತ ದೊಡ್ಡದಿಲ್ಲ.

ಡಾಕ್ಟರ್ ಮಾರ್ಫಿನ್ ಅನ್ನೋ ಜೋರು ಬ್ಯಾನಿ ಔಷಧ ಬರದು ಕೊಟ್ರ ಅಂಜಬ್ಯಾಡ್ರಿ. ಅದರ ಸಾದಾ ಗುಳಗಿ ಸಾಮಾನ್ಯ 4 ತಾಸಿಗೊಮ್ಮೆ ಇರ್ತದ, ಬ್ಯಾನಿ ಬರ್ಲಿ ಆಮ್ಯಾಲ ಕೊಡೂಣು ಅಂತ ಕುಂದರಬಾರದು, ಗಡಿಯಾರ ನೋಡಿ ಕೊಡಬೇಕು. ಡಾಕ್ಟರ್ ಹೇಳಿದಷ್ಟು ಕ್ಯಾನ್ಸರ್ ಬ್ಯಾನಿಗಿ ತಗೊಂಡ್ರ ಚಟ ಹತ್ತೋದು ಭಾಳ ಕಮ್ಮಿ. ಆದ್ರ ಹೊಟ್ಟಿ ಕಟ್ತದ, ಅದಕ್ಕ ಮೊದಲ ದಿನದಿಂದ್ಲೇ ಸಂಡಾಸ್ ಸಡಿಲ ಆಗೋ ಔಷಧ ಜೋಡಿ ಬರಸ್ಕೋರಿ. ಮೊದಲ ಎರಡ್ಮೂರು ದಿನ ಮಂಪರು ಇರ್ತದ, ಎಬ್ಬಿಸಿದ್ರೂ ಏಳಲಿಲ್ಲಂದ್ರ, ಉಸಿರು ಭಾಳ ನಿಧಾನ ಆತಂದ್ರ ತಡಾ ಮಾಡದ ದವಾಖಾನಿಗಿ ಒಯ್ರಿ. ನೀವಾಗೇ ಡೋಸ್ ಹೆಚ್ಚಿಸೋದು, ಒಮ್ಮೆಲೆ ನಿಲ್ಲಸೋದು ಎರಡೂ ಬ್ಯಾಡ.

ಬಾಯಿ ಕ್ಯಾನ್ಸರ್ ಗಾಯ ನಾರ್ತದಂತ ಕೆಲವರು ಬಾಗಿಲು ಹಾಕ್ಕೊಂಡು ಒಬ್ರೇ ಕುಂದರ್ತಾರ, ಮೊಮ್ಮಕ್ಕಳನ್ನೂ ಹತ್ರ ಕರೆಯಂಗಿಲ್ಲ. ಡಾಕ್ಟರ್ಗೆ ಹೇಳ್ರಿ, ಗಾಯಕ್ಕ ಹಚ್ಚಾಕ್ ಮೆಟ್ರೋನಿಡಜೋಲ್ ಅನ್ನೋ ಔಷಧ ಕೊಡ್ತಾರ, ವಾಸನಿ ಇಳೀತದ. ಉಸಿರು ಕಟ್ಟಿದಂಗ ಆದ್ರ ತಲಿ ಕಡಿ ಎತ್ತರ ಮಾಡಿ ಸಣ್ಣ ಫ್ಯಾನ್ ಮಾರಿಗಿ ಹಿಡೀರಿ.

ಬೆನ್ನು ಬ್ಯಾನಿ ಜೋಡಿ ಕಾಲು ಸೋತು ಬಂದ್ರ, ಒಂದಕ್ಕ ನಿಂತ್ರ, ಬೆನ್ನುಹುರಿ ಒತ್ತಿರಬಹುದು, ಮುಂದಿನ ತಾರೀಖು ಕಾಯಬ್ಯಾಡ್ರಿ, ಅವತ್ತೇ ಎಮರ್ಜೆನ್ಸಿಗಿ ಹೋಗ್ರಿ.