ಮ್ಯಾನ್ಯುಯಲ್‌ನಲ್ಲಿ 73, ಡಿವೈಸ್ ಟ್ರೀಯಲ್ಲಿ 41

ಬೋರ್ಡ್ ಬೂಟ್ ಆಗುತ್ತಿತ್ತು. ಲಿನಕ್ಸ್ ಕರ್ನಲ್ ಸಂದೇಶಗಳು ಸರಾಗವಾಗಿ ಸೀರಿಯಲ್ ಕನ್ಸೋಲ್‌ನಲ್ಲಿ ಬಂದವು. ಕರ್ನಲ್ ಎಬ್ಬಿಸುವ ಮೊದಲ ಪ್ರೋಗ್ರಾಂ ಇನಿಟ್ ಶುರುವಾಯಿತು, ನಾಲ್ಕಾರು ಅಕ್ಷರ ಮೂಡಿದವು, ಆಮೇಲೆ ಏನೂ ಇಲ್ಲ. ಕೀ ಒತ್ತಿದರೂ ಉತ್ತರವಿಲ್ಲ. ಮೂರು ದಿನ ಕೇಬಲ್ ಬದಲಾಯಿಸಿದೆ, ಬಾಡ್ ರೇಟ್ ನೋಡಿದೆ, ರೂಟ್ ಫೈಲ್ ಸಿಸ್ಟಮ್ ಮತ್ತೆ ಕಟ್ಟಿದೆ. ಕೊನೆಗೆ ಸಿಕ್ಕಿದ್ದು ಒಂದೇ ಒಂದು ಅಂಕಿ. ಬೋರ್ಡಿನಲ್ಲಿ ಯಾವ ಸಾಧನ ಎಲ್ಲಿದೆ ಎಂದು ಕರ್ನಲ್‌ಗೆ ಹೇಳುವ ವಿವರಣೆಯೇ ಡಿವೈಸ್ ಟ್ರೀ. ಅದರಲ್ಲಿ ಸೀರಿಯಲ್ ಪೋರ್ಟಿನ ಇಂಟರಪ್ಟ್ (ಸಾಧನ ಸಿಪಿಯುವನ್ನು ಕರೆಯುವ ಸಂಕೇತ) ಸಂಖ್ಯೆ 41 ಇರಬೇಕಾದ ಕಡೆ 73 ಬರೆದಿದ್ದೆ. ಚಿಪ್ಪಿನ ಮ್ಯಾನ್ಯುಯಲ್‌ನಲ್ಲಿ 73 ಅಂತಲೇ ಇತ್ತು ನೋಡಿ! ಅದರ ಕಥೆ ಮುಂದೆ ಬರುತ್ತದೆ.

ಕಲಿಯಲು ಬೋರ್ಡ್ ಬೇಕಿಲ್ಲ. ಬೋರ್ಡನ್ನು ಕಂಪ್ಯೂಟರ್‌ನಲ್ಲೇ ಅನುಕರಿಸುವ ಕ್ಯೂಎಮು ಪ್ರೋಗ್ರಾಂನಲ್ಲಿ ಆರ್ಮ್ ಪ್ರೊಸೆಸರ್‌ಗೆಂದೇ 'ವರ್ಟ್' ಎಂಬ ಮೆಷಿನ್ ಇದೆ. ಮೆಷಿನ್ ಆಯ್ಕೆಯ ಜೊತೆ 'ಡಂಪ್‌ಡಿಟಿಬಿ' ಸೇರಿಸಿದರೆ ತನ್ನ ಡಿವೈಸ್ ಟ್ರೀಯನ್ನು ಫೈಲಿಗೆ ಬರೆದು ಕೊಡುತ್ತದೆ. ಅದನ್ನು ಡಿವೈಸ್ ಟ್ರೀ ಕಂಪೈಲರ್ ಆದ ಡಿಟಿಸಿಯಿಂದ ಉಲ್ಟಾ ಮಾಡಿ, ಓದುವ ರೂಪಕ್ಕೆ ತನ್ನಿ. ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಅದರಿಂದಲೇ. ವಿಳಾಸ ಮತ್ತು ಅಳತೆ ಎಲ್ಲ ಹೆಕ್ಸ್‌ನಲ್ಲಿ (16ರ ಲೆಕ್ಕ), ಇಂಟರಪ್ಟ್ ಸಂಖ್ಯೆಗಳು ಮಾಮೂಲಿ ಲೆಕ್ಕದಲ್ಲಿ.

ಮೊದಲು ಕಾಗದದ ಮೇಲೆ ವಿಳಾಸಗಳ ನಕ್ಷೆ ಬರೆಯಿರಿ. ನಾನು ಈಗಲೂ ಪೆನ್ಸಿಲ್ ಹಿಡಿದೇ ಕೂರುತ್ತೇನೆ. ಉದ್ದಕ್ಕೆ ಒಂದು ಕಂಬ, ಕೆಳಗೆ ಸೊನ್ನೆ. ವರ್ಟ್‌ನಲ್ಲಿ 8000000ಕ್ಕೆ ಇಂಟರಪ್ಟ್ ಕಂಟ್ರೋಲರ್, 9000000ಕ್ಕೆ ಪಿಎಲ್011 ಸೀರಿಯಲ್ ಪೋರ್ಟ್, 9010000ಕ್ಕೆ ಗಡಿಯಾರ, 40000000ದಿಂದ ರ‍್ಯಾಮ್. ಪ್ರತಿಯೊಂದರ ಪಕ್ಕ ಅಳತೆ ಬರೆಯಿರಿ. ಎರಡು ಡಬ್ಬಿ ಒಂದರ ಮೇಲೊಂದು ಕೂತರೆ ಕಾಗದದಲ್ಲೇ ಕಾಣುತ್ತದೆ. ಇಲ್ಲದಿದ್ದರೆ ಎರಡನೇ ಡ್ರೈವರ್ ಬಂದಾಗ 'ಆ ಜಾಗ ಖಾಲಿ ಇಲ್ಲ' ಎಂಬ ಅರ್ಥದ ಮೈನಸ್ 16 ಎರರ್ ಸಿಗುತ್ತದೆ.

ಈಗ ನೋಡ್, ಅಂದರೆ ಟ್ರೀಯಲ್ಲಿ ಒಂದು ಸಾಧನದ ವಿವರ, ಬರೆಯುವುದು. ಸೀರಿಯಲ್ ಪೋರ್ಟಿನ ರೆಗ್ ಸಾಲಿನಲ್ಲಿ ನಾಲ್ಕು ಅಂಕಿಗಳಿವೆ: 0, 9000000, 0, 1000. ವಿಳಾಸಕ್ಕೆ ಎರಡು, ಅಳತೆಗೆ ಎರಡು. ತಾಯಿ ನೋಡ್‌ನಲ್ಲಿ ಅಡ್ರೆಸ್-ಸೆಲ್ಸ್ 2, ಸೈಜ್-ಸೆಲ್ಸ್ 2 ಎಂದಿರುವುದೇ ಕಾರಣ. ಒಂದು ಸೆಲ್ ಅಂದರೆ 32 ಬಿಟ್. 64 ಬಿಟ್ ವಿಳಾಸಕ್ಕೆ ಎರಡು ಬೇಕಲ್ವಾ? ಅದಕ್ಕೇ ಮುಂದೊಂದು ಸೊನ್ನೆ. ಕೊನೆಯ 1000 ಅಂದರೆ 4096 ಬೈಟ್. ಸೆಲ್ ಲೆಕ್ಕ ತಪ್ಪಿದರೆ ಡಿಟಿಸಿ ಎಚ್ಚರಿಕೆ ಕೊಡುತ್ತದೆ. ಅದನ್ನು ಸುಮ್ನೆ ದಾಟಿ ಹೋಗಬೇಡಿ.

ಮ್ಯಾನ್ಯುಯಲ್‌ನ ವಿಳಾಸವನ್ನು ಹಾಗೇ ನಕಲು ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿ: ಇದು ಯಾರ ಕಣ್ಣಿಗೆ ಕಾಣುವ ವಿಳಾಸ? ಮೊದಲ ರಾಸ್ಪ್‌ಬೆರಿ ಪೈನ ಬಿಸಿಎಂ2835 ಚಿಪ್ಪಿನ ಮ್ಯಾನ್ಯುಯಲ್ ಪೆರಿಫೆರಲ್‌ಗಳನ್ನು (ಸೀರಿಯಲ್ ಪೋರ್ಟಿನಂಥ ಸಾಧನಗಳು) 7ಇ000000ದಿಂದ ಶುರುವಾಗುವ ಬಸ್ (ಚಿಪ್ಪಿನೊಳಗಿನ ಸಂಪರ್ಕ ಮಾರ್ಗ) ವಿಳಾಸದಲ್ಲಿ ತೋರಿಸುತ್ತದೆ. ಸಿಪಿಯುಗೆ ಅವೇ 20000000ದಲ್ಲಿ ಸಿಗುತ್ತವೆ. ಪೈ 2 ಮತ್ತು 3ರಲ್ಲಿ ಅದು 3ಎಫ್000000. ಈ ತರ್ಜುಮೆ ಮಾಡುವುದು ಬಸ್ ನೋಡ್‌ನ ರೇಂಜಸ್ ಸಾಲು. ಖಾಲಿ ರೇಂಜಸ್ ಅಂದರೆ ಎರಡೂ ಕಡೆ ಒಂದೇ ವಿಳಾಸ. ರೇಂಜಸ್ ಸಾಲೇ ಇಲ್ಲದಿದ್ದರೆ ಒಳಗಿನ ವಿಳಾಸಗಳಿಗೆ ಸಿಪಿಯು ಕಡೆಯಿಂದ ದಾರಿಯೇ ಇಲ್ಲ. ಖಾಲಿ ಇರುವುದೂ ಇಲ್ಲದಿರುವುದೂ ಬೇರೆ ಬೇರೆ. ಇದರಲ್ಲಿ ನಾನು ಎರಡು ಸಲ ಎಡವಿದ್ದೇನೆ.

ಮೆಮೊರಿ ನೋಡ್‌ನಲ್ಲಿ ರ‍್ಯಾಮ್ ಮಾತ್ರ ಇರಲಿ. ಇರುವುದಕ್ಕಿಂತ ಜಾಸ್ತಿ ಬರೆದರೆ ಬೋರ್ಡ್ ಕೆಲವೊಮ್ಮೆ ಚೆನ್ನಾಗಿಯೇ ಬೂಟ್ ಆಗುತ್ತದೆ. ಲೋಡ್ ಏರಿದಾಗ ಸಾಯುತ್ತದೆ. ಡಿಎಸ್‌ಪಿಯಂಥ ಇನ್ನೊಂದು ಪ್ರೊಸೆಸರ್‌ಗೆಂದು ತೆಗೆದಿಟ್ಟ ಜಾಗವನ್ನು ರಿಸರ್ವ್ಡ್-ಮೆಮೊರಿ ಅಡಿಯಲ್ಲಿ ಬರೆದು, ಕರ್ನಲ್ ಮುಟ್ಟದಂತೆ ನೋ-ಮ್ಯಾಪ್ ಹಾಕಿ. ಇನ್ನೊಂದು ಮಾತು. ಕರ್ನಲ್ ಲೋಡ್ ಮಾಡುವ ಯು-ಬೂಟ್ ಸಾಮಾನ್ಯವಾಗಿ ತಾನು ಕಂಡ ರ‍್ಯಾಮ್ ಲೆಕ್ಕವನ್ನು ಮೆಮೊರಿ ನೋಡ್‌ಗೆ ತುಂಬಿಯೇ ಕರ್ನಲ್‌ಗೆ ಕೊಡುತ್ತದೆ. ನಿಮ್ಮ ಬದಲಾವಣೆ ಎಲ್ಲಿ ಹೋಯಿತು ಅಂತ ತಲೆ ಕೆರೆದುಕೊಳ್ಳುವ ಮೊದಲು, ಓಡುತ್ತಿರುವ ಬೋರ್ಡಿನ ಪ್ರೊಕ್ (ಕರ್ನಲ್ ತನ್ನ ಸ್ಥಿತಿ ತೋರಿಸುವ ಫೋಲ್ಡರ್) ಒಳಗಿನ ಡಿವೈಸ್-ಟ್ರೀ ಫೋಲ್ಡರ್ ತೆರೆದು ನೋಡಿ.

ಇನ್ನು 73ರ ಕಥೆ. ಆರ್ಮ್‌ನ ಜಿಐಸಿ ಎಂಬ ಇಂಟರಪ್ಟ್ ಕಂಟ್ರೋಲರ್ ತನ್ನ ಇಂಟರಪ್ಟ್‌ಗಳನ್ನು ಸೊನ್ನೆಯಿಂದ ಎಣಿಸುತ್ತದೆ. 0ರಿಂದ 15 ಕೋರ್‌ಗಳು ಒಂದನ್ನೊಂದು ಎಬ್ಬಿಸಲು. 16ರಿಂದ 31 ಪ್ರತಿ ಕೋರ್‌ನ ಸ್ವಂತದ್ದು, ಪಿಪಿಐ. 32ರಿಂದ ಮುಂದಿನವು ಎಲ್ಲರಿಗೂ ಸೇರಿದ್ದು, ಎಸ್‌ಪಿಐ. ಡಿವೈಸ್ ಟ್ರೀ ಮಾತ್ರ ಪ್ರತಿ ಗುಂಪನ್ನೂ ಸೊನ್ನೆಯಿಂದಲೇ ಎಣಿಸುತ್ತದೆ. ನನ್ನ ಮ್ಯಾನ್ಯುಯಲ್ ಕೊಟ್ಟಿದ್ದು ಜಿಐಸಿ ಲೆಕ್ಕ. ಹಾಗಾಗಿ 73ರಿಂದ 32 ಕಳೆದು 41 ಬರೆಯಬೇಕಿತ್ತು. ನಾನು 73 ಬರೆದೆ, ಕರ್ನಲ್ ಅದಕ್ಕೆ 32 ಕೂಡಿಸಿ 105ರ ಬಾಗಿಲಲ್ಲಿ ಕಾಯುತ್ತಾ ಕೂತಿತು. ಕೆಲವು ಮ್ಯಾನ್ಯುಯಲ್‌ಗಳು ಎಸ್‌ಪಿಐ ಲೆಕ್ಕವನ್ನೇ ಕೊಡುತ್ತವೆ, ಅಲ್ಲಿ ಕಳೆದರೆ ತಪ್ಪು. ಪಟ್ಟಿಯ ಮೊದಲ ಸಾಲು ನೋಡಿ, ಎಣಿಕೆ ಎಲ್ಲಿಂದ ಶುರು ಅಂತ ಗೊತ್ತಾಗುತ್ತದೆ.

ಹಾಗಾದರೆ ಬೂಟ್ ಸಂದೇಶಗಳು ಹೇಗೆ ಬಂದವು? ಕರ್ನಲ್ ತನ್ನ ಕನ್ಸೋಲ್‌ಗೆ ಇಂಟರಪ್ಟ್ ಇಲ್ಲದೆ, ಪೋರ್ಟ್ ಖಾಲಿಯಾಯಿತಾ ಎಂದು ತಾನೇ ಮತ್ತೆ ಮತ್ತೆ ನೋಡಿಕೊಂಡು ಬರೆಯುತ್ತದೆ. ಯೂಸರ್ ಪ್ರೋಗ್ರಾಂಗಳ ಅಕ್ಷರಗಳು ಹೋಗುವುದು ಟಿಟಿವೈ, ಅಂದರೆ ಟರ್ಮಿನಲ್ ದಾರಿಯಲ್ಲಿ. ಮೊದಲು ಪೋರ್ಟಿನೊಳಗಿನ ಪುಟ್ಟ ಸಂಗ್ರಹ ಫೈಫೋ ತುಂಬುತ್ತದೆ, ಮುಂದಿನದಕ್ಕೆ ಇಂಟರಪ್ಟ್ ಬರಬೇಕು. ಆ ನಾಲ್ಕಾರು ಅಕ್ಷರ ಫೈಫೋದಲ್ಲಿ ಹಿಡಿಸಿದಷ್ಟು ಮಾತ್ರ. ಇದು ಮೊದಲೇ ಗೊತ್ತಿದ್ದಿದ್ದರೆ ಮೂರು ದಿನ ಉಳಿಯುತ್ತಿತ್ತು.

ಇಂಟರಪ್ಟ್ಸ್ ಸಾಲಿನಲ್ಲಿ ಮೂರು ಅಂಕಿ. ಮೊದಲನೆಯದು ಗುಂಪು: ಎಸ್‌ಪಿಐಗೆ 0, ಪಿಪಿಐಗೆ 1. ಎರಡನೆಯದು ಸಂಖ್ಯೆ. ಮೂರನೆಯದು ರೀತಿ: ಏರುವ ಅಂಚಿಗೆ (ಸಂಕೇತ ಏರುವ ಕ್ಷಣ) 1, ಮೇಲಿನ ಮಟ್ಟಕ್ಕೆ (ಸಂಕೇತ ಮೇಲೆ ಇರುವಷ್ಟು ಹೊತ್ತು) 4. ವರ್ಟ್‌ನ ಸೀರಿಯಲ್ ಪೋರ್ಟಿಗೆ 0, 1, 4. ರೀತಿ ತಪ್ಪಿದರೆ ಕೆಲಸ ಆಗಾಗ ಮಾತ್ರ ಕೆಡುತ್ತದೆ, ಹುಡುಕಲು ಕಷ್ಟ. ಮಟ್ಟದ ಸಾಧನಕ್ಕೆ ಅಂಚು ಎಂದು ಬರೆದರೆ ಕೆಲವು ಇಂಟರಪ್ಟ್ ತಪ್ಪಿಹೋಗಬಹುದು. ಯಾರೂ ಸುಮ್ಮನಾಗಿಸದ ಮಟ್ಟದ ಇಂಟರಪ್ಟ್ ಆದರೆ ಬಿಡದೆ ಬಡಿಯುತ್ತದೆ. 1 ಲಕ್ಷದಲ್ಲಿ 99,900ಕ್ಕಿಂತ ಹೆಚ್ಚಿಗೆ ವಾರಸುದಾರರಿಲ್ಲ ಎಂದು ಕಂಡರೆ ಕರ್ನಲ್ 'ನೋಬಡಿ ಕೇರ್ಡ್' ಎಂದು ಬರೆದು ಆ ಸಾಲನ್ನೇ ಮುಚ್ಚುತ್ತದೆ.

ಎಲ್ಲ ಆದ ಮೇಲೆ ಎರಡು ಫೈಲ್ ನೋಡಿ. ಪ್ರೊಕ್‌ನ ಐಒಮೆಮ್ ಅನ್ನು ರೂಟ್ ಆಗಿ ತೆರೆದು ಪೆನ್ಸಿಲ್ ನಕ್ಷೆಯ ಪಕ್ಕ ಇಡಿ, ಒಂದೊಂದೇ ಟಿಕ್ ಹಾಕಿ. ಆಮೇಲೆ ಅಲ್ಲೇ ಇರುವ ಇಂಟರಪ್ಟ್ಸ್ ಫೈಲ್. ವರ್ಟ್‌ನಲ್ಲಿ ಸೀರಿಯಲ್ ಪೋರ್ಟಿನ ಪಕ್ಕ 33 ಕಾಣುತ್ತದೆ, ಅಂದರೆ 32 ಮತ್ತು 1. ಕನ್ಸೋಲ್‌ನಲ್ಲಿ ಒಂದಿಷ್ಟು ಅಕ್ಷರ ಒತ್ತಿ, ಫೈಲನ್ನು ಮತ್ತೆ ತೆರೆಯಿರಿ. ಆ ಸಾಲಿನ ಎಣಿಕೆ ಏರಿರಬೇಕು.