ಮೊದಲ ಹಾಳೆ

ಸೇನಾ ತರಬೇತಿ ಸಂಸ್ಥೆಯೊಂದರಲ್ಲಿ ಇತಿಹಾಸ ಕಲಿಸಲು ಸೇರಿದ ಮೊದಲ ವರ್ಷ, ನಸುಕಿನಲ್ಲೇ ಕವಾಯತು ಮುಗಿಸಿ ಬಂದ ಕೆಡೆಟ್‌ಗಳಿಗೆ ಯುದ್ಧಗಳ ಇಸವಿ, ಕಾರಣ, ಪರಿಣಾಮಗಳನ್ನು ಬರೆಸುತ್ತಿದ್ದೆ. ಪರೀಕ್ಷೆಯಲ್ಲಿ ಅವರು ಅದನ್ನೇ ಒಪ್ಪಿಸುತ್ತಿದ್ದರು. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಮರುವರ್ಷ ಉಪನ್ಯಾಸ ಬಿಟ್ಟು, ಒಂದೇ ದಿನದ ಘಟನೆಯನ್ನು ಮೂರು ಹಾಳೆಗಳಲ್ಲಿ ಬಿಡಿಸಿ ಕೊಡತೊಡಗಿದೆ. 1968ರ ಮಾರ್ಚ್ 16, ವಿಯೆಟ್ನಾಂನ ಮೈ ಲಾಯ್. ಮೊದಲ ಹಾಳೆಯಲ್ಲಿ ಅಮೆರಿಕದ ಆ ತುಕಡಿಗೆ ಮುನ್ನಾದಿನ ಹೇಳಿದ್ದಷ್ಟೇ ಇರುತ್ತದೆ: ಬೆಳಗಿನ ಏಳರ ಹೊತ್ತಿಗೆ ಜನ ಸಂತೆಗೆ ಹೋಗಿರುತ್ತಾರೆ, ಊರಲ್ಲಿ ಉಳಿದವರು ಶತ್ರುಗಳು. ನೆಲಬಾಂಬುಗಳಿಗೆ ಸಂಗಡಿಗರನ್ನು ಕಳೆದುಕೊಂಡಿದ್ದವರಿಗೆ ಹೇಳಿದ ಮಾತು ಅದು. ಎರಡನೆಯದರಲ್ಲಿ ಅಲ್ಲಿ ಕಂಡದ್ದು: ಹೆಂಗಸರು, ಮಕ್ಕಳು, ಮುದುಕರು, ಎದುರಿನಿಂದ ಒಂದು ಗುಂಡೂ ಇಲ್ಲ. ಇಲ್ಲಿಗೆ ನಿಲ್ಲಿಸಿ, ‘ಪ್ಲಟೂನ್ ನಿಮ್ಮದು. ಈಗ ಕೊಡುವ ಆದೇಶವನ್ನು ಬರೆಯಿರಿ’ ಎನ್ನುತ್ತೇನೆ. ಅಭಿಪ್ರಾಯ ಬೇಡ, ಆದೇಶದ ಪದಗಳೇ ಬೇಕು. ಬಹಳ ಪೆನ್ನುಗಳು ಅಲ್ಲೇ ನಿಲ್ಲುತ್ತವೆ.

ಮೂರನೆಯ ಹಾಳೆಯಲ್ಲಿ ಹ್ಯೂ ಥಾಂಪ್ಸನ್ ಬರುತ್ತಾನೆ. 24 ವರ್ಷದ ಆ ಪೈಲಟ್ ಓಡುತ್ತಿದ್ದ ಹಳ್ಳಿಗರಿಗೂ ಬೆನ್ನಟ್ಟಿದ್ದ ತನ್ನದೇ ಸೈನಿಕರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದ. ಸೈನಿಕರು ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ತಿರುಗಿ ಹೊಡೆಯಲು ತನ್ನ ಇಬ್ಬರು ಸಂಗಡಿಗರಿಗೆ ಹೇಳಿದ. ವಿಯೆಟ್ನಾಂನ ಲೆಕ್ಕದಲ್ಲಿ ಅಂದು ಅಮೆರಿಕದ ಸೈನಿಕರ ಕೈಯಲ್ಲಿ ಸತ್ತ ಹಳ್ಳಿಗರು 504. ಥಾಂಪ್ಸನ್‌ಗೆ ‘ಸೋಲ್ಜರ್ಸ್ ಮೆಡಲ್’ ಪದಕ ಸಿಕ್ಕಿದ್ದು 1998ರಲ್ಲಿ.

‘ಆದೇಶ ಮೀರುವುದನ್ನು ಕಲಿಸುತ್ತಿದ್ದೀರಾ, ಸರ್?’ ಎಂದು ಒಬ್ಬ ನೇರವಾಗಿ ಕೇಳಿದ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರಿಸಲು ಇತಿಹಾಸವೊಂದೇ ಸಾಲದು ಎನಿಸಿ, ಮುಂದಿನ ತರಗತಿಗೆ ಕಾನೂನು ಕಲಿಸುವ ಅಧಿಕಾರಿಯನ್ನು ಕರೆದೆ. ಅಂದು ಮೈ ಲಾಯ್‌ನಲ್ಲಿ ಪ್ಲಟೂನೊಂದನ್ನು ನಡೆಸಿದ್ದ ಲೆಫ್ಟಿನೆಂಟ್ ಕ್ಯಾಲಿಯ, ಆದೇಶ ಪಾಲಿಸಿದೆನೆಂಬ ವಾದ 1971ರ ಸೇನಾ ನ್ಯಾಯಾಲಯದಲ್ಲಿ ಏಕೆ ನಿಲ್ಲಲಿಲ್ಲ ಎಂಬುದನ್ನು ಅವರು ವಿವರಿಸಿದರು. ಈಗಲೂ ಆ ಪಾಠವನ್ನು ಇಬ್ಬರೂ ಸೇರಿಯೇ ಮಾಡುತ್ತೇವೆ.

ಆದರೆ ನನ್ನ ಪಾಠದ ದಿಕ್ಕನ್ನು ಬದಲಿಸಿದ್ದು ಹಿಂದಿನ ಸಾಲಿನ ಹುಡುಗಿಯೊಬ್ಬಳು. ಎಲ್ಲರೂ ಥಾಂಪ್ಸನ್‌ನ ಧೈರ್ಯದ ಬಗ್ಗೆ ಮಾತಾಡುತ್ತಿದ್ದಾಗ ಅವಳು ಮೊದಲ ಹಾಳೆಗೆ ಮರಳಿದ್ದಳು. ‘ಸಂತೆಗೆ ಹೋಗಿರುತ್ತಾರೆ ಎಂದು ಹೇಳಿದವರು ಯಾರು, ಸರ್? ಅವರಿಗೆ ಹೇಗೆ ಗೊತ್ತು?’

ಆಕರವನ್ನು ಪ್ರಶ್ನಿಸುವುದು ಇತಿಹಾಸಕಾರನ ನಿತ್ಯದ ಕೆಲಸ. ಅದನ್ನು ಅಲ್ಲಿಯವರೆಗೆ ನಾನು ಅವರಿಗೆ ಕಲಿಸಿಯೇ ಇರಲಿಲ್ಲ. ಈಗ ಮೂರು ತರಗತಿಗಳ ಪೈಕಿ ಎರಡು ಮೊದಲ ಹಾಳೆಗೇ ಮೀಸಲು. ಪ್ರತಿ ವಾಕ್ಯದ ಅಂಚಿನಲ್ಲಿ ಕೆಡೆಟ್‌ಗಳು ಬರೆಯಬೇಕು: ಕಂಡದ್ದೇ, ಕೇಳಿದ್ದೇ, ಊಹೆಯೇ? ‘ಉಳಿದವರು ಶತ್ರುಗಳು’ ಎಂಬ ಸಾಲಿನ ಬಳಿ ಬಂದಾಗ ವಾದ ಜೋರಾಗುತ್ತದೆ, ಗಂಟೆ ಹೊಡೆದರೂ ನಿಲ್ಲುವುದಿಲ್ಲ.